ಬ್ಯಾಟರಿ ಇಲ್ಲದ ಕಾರ್ಡು ಬಾಗಿಲು ತೆರೆಸುವುದು ಹೇಗೆ?

ಮಕ್ಕಳೇ, ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಒಂದು ದೊಡ್ಡ ಮೆಟ್ರೊ ರೈಲು ನಿಲ್ದಾಣವಿದೆ. ಅದರ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. ನೇರಳೆ ಮಾರ್ಗ ಮತ್ತು ಹಸಿರು ಮಾರ್ಗ ಎರಡೂ ಅಲ್ಲಿ ನೆಲದೊಳಗೆ ಸಂಧಿಸುತ್ತವೆ. ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿರಬಹುದು. ಹೋಗದವರು ಹೀಗೆ ಊಹಿಸಿಕೊಳ್ಳಿ. ಸೊಂಟದೆತ್ತರದ ಪೆಟ್ಟಿಗೆಗಳು ಸಾಲಾಗಿ ನಿಂತಿವೆ. ಎರಡು ಪೆಟ್ಟಿಗೆಗಳ ನಡುವೆ ಒಬ್ಬರು ಹೋಗುವಷ್ಟು ದಾರಿ. ದಾರಿಗೆ ಅಡ್ಡವಾಗಿ ಎರಡು ಪುಟ್ಟ ರೆಕ್ಕೆಗಳು. ಜನ ಬರುತ್ತಾರೆ, ಪೆಟ್ಟಿಗೆಯ ಮೇಲೆ ಕಾರ್ಡು ಮುಟ್ಟಿಸುತ್ತಾರೆ. ರೆಕ್ಕೆಗಳು ಪಕ್ಕಕ್ಕೆ ಸರಿಯುತ್ತವೆ. ಒಬ್ಬರು ದಾಟಿದ ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತವೆ. ಅಲ್ಲಿ ‘ಟಿಕೆಟ್ ತೋರಿಸಿ’ ಎನ್ನುವವರು ಯಾರೂ ಇಲ್ಲ.

ನನ್ನ ಅಮ್ಮ ಓದು ಬರಹ ಕಲಿತವಳಲ್ಲ. ಮೊದಲ ಸಲ ಈ ಬಾಗಿಲು ದಾಟಿದಾಗ ಅವಳು ಹಿಂತಿರುಗಿ ನೋಡಿ ಕೇಳಿದಳು: “ಅಲ್ಲ ಮಗಾ, ನಾವು ದುಡ್ಡು ಕೊಟ್ಟಿದ್ದು ಇದಕ್ಕೆ ಹೆಂಗೆ ಗೊತ್ತಾಯ್ತು?” ಎಂಥ ಒಳ್ಳೆಯ ಪ್ರಶ್ನೆ! ಬನ್ನಿ, ಉತ್ತರ ಹುಡುಕೋಣ.

ರಟ್ಟಿನ ಟಿಕೆಟ್ಟಿನ ಕಾಲ

ನಾನು ನಿಮ್ಮ ವಯಸ್ಸಿನವನಾಗಿದ್ದಾಗ ತಿಪಟೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಹೋಗುತ್ತಿದ್ದೆವು. ಆಗ ಟಿಕೆಟ್ ಎಂದರೆ ದಪ್ಪ ರಟ್ಟಿನ ಪುಟ್ಟ ತುಂಡು. ಉದ್ದ ಸುಮಾರು ಐದೂಮುಕ್ಕಾಲು ಸೆಂಟಿಮೀಟರ್, ಅಗಲ ಮೂರು ಸೆಂಟಿಮೀಟರ್. ಅಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಇಳಿದ ಮೇಲೆ ಬಾಗಿಲಲ್ಲಿ ನಿಂತ ಟಿ.ಸಿ. ಅದನ್ನು ತೆಗೆದುಕೊಂಡುಬಿಡುತ್ತಿದ್ದರು. ಆ ಟಿಕೆಟ್ ನನಗೇ ಬೇಕೆಂದು ಎಷ್ಟು ಆಸೆಯಾಗುತ್ತಿತ್ತು ಗೊತ್ತೆ!

ಈ ರಟ್ಟಿನ ಟಿಕೆಟ್ಟನ್ನು ರೂಪಿಸಿದವರು ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್. 1830ರ ದಶಕದ ಕೊನೆಯ ಮಾತು ಅದು. ಅದಕ್ಕೆ ಮೊದಲು ಒಬ್ಬೊಬ್ಬರಿಗೂ ಟಿಕೆಟ್ಟನ್ನು ಕೈಯಲ್ಲೇ ಬರೆದು ಕೊಡಬೇಕಿತ್ತು. ಎಡ್ಮಂಡ್‌ಸನ್ ಪ್ರತಿ ಟಿಕೆಟ್ಟಿಗೂ ಒಂದು ಕ್ರಮಸಂಖ್ಯೆ ಅಚ್ಚು ಹಾಕಿಸಿದರು. ಬೆಳಗಿನ ಸಂಖ್ಯೆ ಮತ್ತು ಸಂಜೆಯ ಸಂಖ್ಯೆಗಳ ವ್ಯತ್ಯಾಸ ನೋಡಿದರೆ ಎಷ್ಟು ಟಿಕೆಟ್ ಮಾರಾಟವಾಯಿತೆಂದು ತಿಳಿಯುತ್ತಿತ್ತು. ಸರಳ ಉಪಾಯ, ಅಲ್ಲವೆ?

ಆದರೂ ಟಿಕೆಟ್ ನೋಡಲು ಮನುಷ್ಯರೇ ಬೇಕಿತ್ತು. ಜಪಾನಿನ ಒಸಾಕಾ ಬಳಿ ಕಿತಾ-ಸೆನ್ರಿ ಎಂಬ ನಿಲ್ದಾಣವಿದೆ. 1967ರಲ್ಲಿ ಅಲ್ಲಿ ಟಿಕೆಟ್ಟನ್ನು ತಾನೇ ಓದಿ ದಾರಿ ಬಿಡುವ ಯಂತ್ರಗಳನ್ನು ನಿಲ್ಲಿಸಿದರು. ಟಿಕೆಟ್ಟನ್ನು ಯಂತ್ರದ ಬಾಯಿಗೆ ತೂರಿಸಬೇಕಿತ್ತು. ಇಂದಿನ ಕಾರ್ಡನ್ನು ತೂರಿಸುವುದೂ ಬೇಡ, ಹತ್ತಿರ ಹಿಡಿದರೆ ಸಾಕು.

ಕಾರ್ಡಿಗೆ ಊಟ ಹಾಕುವ ಬಾಗಿಲು

ಮೆಟ್ರೊ ಕಾರ್ಡಿನೊಳಗೆ ಏನಿದೆ? ಸಾಸಿವೆ ಕಾಳಿನಂಥ ಒಂದು ಪುಟ್ಟ ಚಿಪ್ ಇದೆ. ಕಾರ್ಡಿನ ಅಂಚಿನ ಉದ್ದಕ್ಕೂ ಕೆಲವು ಸುತ್ತು ಸುತ್ತಿದ ತೆಳು ತಂತಿ ಇದೆ. ಅಷ್ಟೆ. ಬ್ಯಾಟರಿ ಇಲ್ಲ. ಹಾಗಾದರೆ ಚಿಪ್ಪಿಗೆ ಶಕ್ತಿ ಎಲ್ಲಿಂದ ಬರುತ್ತದೆ?

ಸೈಕಲ್ಲಿನ ಡೈನಮೊ ನೆನಪಿಸಿಕೊಳ್ಳಿ. ಚಕ್ರ ತಿರುಗಿದರೆ ಒಳಗಿನ ಕಾಂತ ತಿರುಗುತ್ತದೆ. ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ ಹುಟ್ಟಿ ದೀಪ ಬೆಳಗುತ್ತದೆ. ತಂತಿಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದರು. ಇದೇ ವಿದ್ಯುತ್ಕಾಂತೀಯ ಪ್ರೇರಣೆ.

ಬಾಗಿಲಿನ ಪೆಟ್ಟಿಗೆಯೊಳಗೂ ಒಂದು ತಂತಿಸುರುಳಿ ಇದೆ. ಅಲ್ಲಿ ತಿರುಗುವ ಕಾಂತವಿಲ್ಲ. ಬದಲಿಗೆ ವಿದ್ಯುತ್ ಪ್ರವಾಹವೇ ಹಿಂದಕ್ಕೂ ಮುಂದಕ್ಕೂ ಆಡುತ್ತಿರುತ್ತದೆ. ಸೆಕೆಂಡಿಗೆ ಎಷ್ಟು ಸಲ ಗೊತ್ತೆ? 1 ಕೋಟಿ 35 ಲಕ್ಷದ 60 ಸಾವಿರ ಸಲ! ಅದರಿಂದ ಸುತ್ತಲಿನ ಕಾಂತಕ್ಷೇತ್ರವೂ ಅಷ್ಟೇ ಸಲ ಬದಲಾಗುತ್ತದೆ. ಕಾರ್ಡನ್ನು ಹತ್ತಿರ ತಂದ ಕೂಡಲೇ ಅದರ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮಲಗಿದ್ದ ಚಿಪ್ ಏಳುತ್ತದೆ. ಅಂದರೆ ಬಾಗಿಲೇ ಕಾರ್ಡಿಗೆ ಊಟ ಹಾಕುತ್ತದೆ. ದೂರ ಹೋದಂತೆ ಈ ಕಾಂತಕ್ಷೇತ್ರ ಬಹಳ ಬೇಗ ದುರ್ಬಲವಾಗುತ್ತದೆ. ಆದ್ದರಿಂದಲೇ ಕಾರ್ಡನ್ನು ಕೆಲವೇ ಸೆಂಟಿಮೀಟರ್ ಸಮೀಪಕ್ಕೆ ತರಬೇಕು.

ಚಿಪ್ ಉತ್ತರ ಕೊಡುವುದು ಹೇಗೆ? ಯಾರನ್ನೋ ಉಯ್ಯಾಲೆಯಲ್ಲಿ ತೂಗುತ್ತಿದ್ದೀರಿ ಎಂದುಕೊಳ್ಳಿ. ಕುಳಿತವರು ಆಗಾಗ ಕಾಲನ್ನು ನೆಲಕ್ಕೆ ತಾಗಿಸಿದರೆ ನಿಮ್ಮ ಕೈಗೆ ಭಾರ ಗೊತ್ತಾಗುತ್ತದೆ. ಚಿಪ್ ಕೂಡ ಹೀಗೆಯೇ ತಾನು ಪಡೆಯುವ ಶಕ್ತಿಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಮಾಡುತ್ತದೆ. ಪೆಟ್ಟಿಗೆಯ ಸುರುಳಿ ಆ ಏರಿಳಿತವನ್ನು ಗುರುತಿಸಿ ಸೊನ್ನೆ, ಒಂದು ಎಂದು ಓದಿಕೊಳ್ಳುತ್ತದೆ.

ಲೆಕ್ಕ ಬರೆಯುವ ಬಗೆ

ಒಳಗೆ ಹೋಗುವಾಗ ಬಾಗಿಲು ನಿಮ್ಮ ಹಣ ಕಡಿಯುವುದಿಲ್ಲ. ನೀವು ಎಲ್ಲಿಗೆ ಹೋಗುತ್ತೀರೆಂದು ಅದಕ್ಕೆ ಗೊತ್ತಿಲ್ಲವಲ್ಲ! ಕಾರ್ಡಿನಲ್ಲಿ ಸಾಕಷ್ಟು ಹಣವಿದೆಯೇ ಎಂದು ನೋಡಿ, ‘ಇವರು ಮೆಜೆಸ್ಟಿಕ್ಕಿನಲ್ಲಿ ಒಳಬಂದರು’ ಎಂದು ಕಾರ್ಡಿನಲ್ಲಿ ಬರೆಯುತ್ತದೆ. ಹೊರಬರುವಾಗ ಇನ್ನೊಂದು ನಿಲ್ದಾಣದ ಬಾಗಿಲು ಅದನ್ನು ಓದುತ್ತದೆ. ದರಪಟ್ಟಿ ನೋಡಿ ಹಣ ಕಳೆಯುತ್ತದೆ. ದರ 40 ರೂಪಾಯಿ, ಕಾರ್ಡಿನವರಿಗೆ ನೂರಕ್ಕೆ 5ರಷ್ಟು ರಿಯಾಯಿತಿ ಎಂದಿಟ್ಟುಕೊಳ್ಳೋಣ. ಕಳೆಯುವುದು 38 ರೂಪಾಯಿ. ನಡುವೆ ನೀವು ಮಾರ್ಗ ಬದಲಿಸಿದರೂ ಬಾಗಿಲಿಗೆ ಅದು ತಿಳಿಯದು. ಹತ್ತಿದ ಊರು, ಇಳಿದ ಊರು ಇವೆರಡೇ ಅದರ ಲೆಕ್ಕ.

ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಶುರುವಾದಾಗ 6 ನಿಲ್ದಾಣಗಳಿದ್ದವು. ಎರಡೆರಡು ನಿಲ್ದಾಣಗಳ ಜೋಡಿ ಮಾಡಿದರೆ 15 ಜೋಡಿ. ನಿಲ್ದಾಣಗಳು 12 ಆದರೆ ಜೋಡಿಗಳು ಎಷ್ಟು? 30 ಎಂದು ಅವಸರದಲ್ಲಿ ಹೇಳಬೇಡಿ, ಬರೆದು ನೋಡಿ!

ಪೆಟ್ಟಿಗೆಯ ಒಳಬದಿಯಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳೂ ಇರುತ್ತವೆ. ಟಿ.ವಿ. ರಿಮೋಟಿನಿಂದ ಬರುವುದೂ ಇಂಥದೇ ಕಿರಣ. ಯಾವ ಕಿರಣಕ್ಕೆ ಮೊದಲು ಅಡ್ಡ ಬಂದಿತು, ಯಾವುದಕ್ಕೆ ನಂತರ ಬಂದಿತು ಎಂಬುದರಿಂದ ಜನ ಯಾವ ಕಡೆಗೆ ಹೋಗುತ್ತಿದ್ದಾರೆಂದು ತಿಳಿಯುತ್ತದೆ.

ಬಾಗಿಲ ಹೊರಗೆ ಉಳಿಯುವವರು

ಜಪಾನಿನ ‘ಸುಯಿಕಾ’ ಕಾರ್ಡು 2001ರ ನವೆಂಬರಿನಲ್ಲಿ ಬಂದಿತು. ಅದಕ್ಕೆ ಮೊದಲು ಪರೀಕ್ಷೆ ಮಾಡಿದಾಗ ಕಾರ್ಡನ್ನು ಎಲ್ಲಿ ಹಿಡಿಯಬೇಕೆಂದು ಜನರಿಗೆ ತಿಳಿಯಲಿಲ್ಲ. ವಿನ್ಯಾಸಕಾರ ಶುಂಜಿ ಯಮನಾಕ ಜನರನ್ನು ಬೈಯಲಿಲ್ಲ. ಅವರು ಹೇಗೆ ನಡೆಯುತ್ತಾರೆ, ಕೈಯನ್ನು ಹೇಗೆ ಚಾಚುತ್ತಾರೆ ಎಂದು ಗಮನಿಸಿದರು. ಕಾರ್ಡು ಮುಟ್ಟಿಸುವ ಜಾಗವನ್ನು ಜನರ ಕಡೆಗೆ ಸ್ವಲ್ಪ ಓರೆ ಮಾಡಿ, ಅಲ್ಲಿ ಬೆಳಕು ಬರುವಂತೆ ಮಾಡಿದರು. ಜನ ತಾವಾಗಿ ಅಲ್ಲೇ ಮುಟ್ಟಿಸತೊಡಗಿದರು. ಯಂತ್ರ ಮಾಡುವವರಿಗೆ ಮನುಷ್ಯರನ್ನು ನೋಡುವ ಕಣ್ಣೂ ಬೇಕು.

ಇದು ನನಗೆ ಏಕೆ ಮುಖ್ಯ ಗೊತ್ತೆ? ನನ್ನ ಅಮ್ಮನಿಗೆ ಗ್ಲಾಕೋಮ ಎಂಬ ಕಣ್ಣಿನ ಕಾಯಿಲೆ ಇದೆ. ಅದರಲ್ಲಿ ಒಮ್ಮೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ತಪ್ಪದೆ ತಪಾಸಣೆಗೆ ಹೋಗಬೇಕು. ಮೊದಲು ನನಗೆ ರಜೆ ಸಿಗದ ದಿನ ಅಮ್ಮ ‘ಇರ್ಲಿ ಬಿಡು, ಮುಂದಿನ ವಾರ ಹೋದ್ರಾಯ್ತು’ ಎನ್ನುತ್ತಿದ್ದಳು. ಈಗ ಒಬ್ಬಳೇ ಹೋಗುತ್ತಾಳೆ. ಕೌಂಟರಿನಲ್ಲಿ ನೋಟು ಕೊಟ್ಟು ಕಾರ್ಡಿಗೆ ಹಣ ಹಾಕಿಸುತ್ತಾಳೆ. ಬೆಳಕಿರುವ ಕಡೆ ಮುಟ್ಟಿಸುತ್ತಾಳೆ. ಕನ್ನಡದಲ್ಲಿ ನಿಲ್ದಾಣದ ಹೆಸರು ಹೇಳಿದಾಗ ಕೇಳಿಸಿಕೊಂಡು ಇಳಿಯುತ್ತಾಳೆ. ಆ ಬಾಗಿಲು ಅವಳನ್ನು ಅಕ್ಷರ ಕೇಳುವುದಿಲ್ಲ.

2022ರ ನವೆಂಬರಿನಲ್ಲಿ ಮೊಬೈಲಿನಲ್ಲೇ ಪಡೆಯುವ ಕ್ಯೂಆರ್ ಟಿಕೆಟ್ ಬಂದಿತು. ನನಗೆ ಅದು ಬಹಳ ಅನುಕೂಲ. ಅಮ್ಮನ ಬಳಿ ಅಂಥ ಮೊಬೈಲ್ ಇಲ್ಲ. ಹೊಸ ದಾರಿ ಬಂದಾಗ ಹಳೆಯ ದಾರಿಯನ್ನು ಮುಚ್ಚಿಬಿಟ್ಟರೆ ಅಮ್ಮನಂಥವರು ಹೊರಗೇ ನಿಲ್ಲಬೇಕಾಗುತ್ತದೆ. ಗಾಲಿಕುರ್ಚಿಯವರಿಗಾಗಿ ಸಾಲಿನಲ್ಲಿ ಒಂದು ಅಗಲವಾದ ದಾರಿ ಇಟ್ಟಿರುವುದನ್ನು ನೀವು ನೋಡಬಹುದು. ಯಾರೋ ನೆನಪಿಟ್ಟುಕೊಂಡು ಅದನ್ನು ಮಾಡಿದ್ದಾರೆ. ನಾಳೆ ನಿಮ್ಮಲ್ಲೇ ಯಾರಾದರೂ ಇಂಥ ಯಂತ್ರ ಮಾಡಬಹುದು. ‘ಇದನ್ನು ಯಾರು ದಾಟಲಾರರು?’ ಎಂದು ಆಗ ಮೊದಲು ಕೇಳಿಕೊಳ್ಳಿ.

ಆಡಿ ನೋಡಿ

ಬೇರೆಯವರು ಸುಳ್ಳು ಕಾರ್ಡು ಮಾಡಿದರೆ? ಅದನ್ನು ತಡೆಯಲು ಬಾಗಿಲಿಗೂ ಕಾರ್ಡಿಗೂ ಒಂದು ಗುಟ್ಟು ಗೊತ್ತಿರುತ್ತದೆ. ಗುಟ್ಟನ್ನು ಬಾಯಿಬಿಡದೆಯೇ ‘ನನಗೆ ಗೊತ್ತು’ ಎಂದು ತೋರಿಸಬೇಕು. ಹೇಗೆ? ನೀವೂ ಗೆಳತಿಯೂ ಸೇರಿ ‘7ರಿಂದ ಗುಣಿಸು, 4 ಕೂಡಿಸು’ ಎಂದು ಗುಟ್ಟಾಗಿ ಮಾತಾಡಿಕೊಳ್ಳಿ. ನೀವು ಬಾಗಿಲು, ಅವಳು ಕಾರ್ಡು. ನೀವು ‘5’ ಎಂದರೆ ಅವಳು ‘39’ ಎನ್ನಬೇಕು. ಕದ್ದು ಕೇಳಿದವನು ಮುಂದಿನ ಸಲ ಬಂದು ‘39’ ಎಂದರೆ ಬಾಗಿಲು ತೆರೆಯದು. ಏಕೆಂದರೆ ಈ ಸಲ ನೀವು ಕೇಳಿದ್ದು ‘9’, ಸರಿಯುತ್ತರ ‘67’.

ಆದರೆ ಜಾಣನೊಬ್ಬ ಈ ಎರಡೂ ಉತ್ತರ ಕೇಳಿಸಿಕೊಂಡರೆ ಗುಟ್ಟನ್ನು ಕಂಡುಹಿಡಿಯಬಲ್ಲ. ಹೇಗೆಂದು ಯೋಚಿಸಿ. ನಿಜವಾಗಿಯೂ ಹೀಗೆ ಆಗಿದೆ. 2008ರಲ್ಲಿ ನೆದರ್‌ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಬಹಳ ಬಳಕೆಯಲ್ಲಿದ್ದ ಒಂದು ಬಗೆಯ ಕಾರ್ಡಿನ ಗುಟ್ಟನ್ನು ಬಿಡಿಸಿ ತೋರಿಸಿದರು. ಆ ಮೇಲೆ ಇನ್ನೂ ಗಟ್ಟಿಯಾದ ಲೆಕ್ಕವಿರುವ ಕಾರ್ಡುಗಳು ಬಳಕೆಗೆ ಬಂದವು.

ನಿಮ್ಮ ಗುಟ್ಟನ್ನು ಇನ್ನಷ್ಟು ಗಟ್ಟಿ ಮಾಡುವುದು ಹೇಗೆ? ತರಗತಿಯಲ್ಲಿ ಎರಡು ತಂಡಗಳಾಗಿ. ಒಂದು ತಂಡ ಗುಟ್ಟು ಕಟ್ಟಲಿ, ಇನ್ನೊಂದು ಬಿಡಿಸಲಿ.