ತವರಿನ ರಕ್ತ

ವರಾಛಾದ ನಮ್ಮ ಕಟ್ಟಡದಲ್ಲಿ ಹೆಚ್ಚಿನವರು ಸೌರಾಷ್ಟ್ರದಿಂದ ಬಂದ ವಜ್ರದ ಕೆಲಸಗಾರರು. ಕನ್ನಡದವಳು ನಾನೊಬ್ಬಳೇ. ಎದುರುಮನೆಯ ಎಂಟು ವರ್ಷದ ಹುಡುಗನಿಗೆ ಮುಖ ಊದಿಕೊಂಡಿತು, ಮೂತ್ರ ನಿಂತಿತು, ಹಿಮೋಗ್ಲೋಬಿನ್ ಇಳಿಯಿತು. ಎಟಿಪಿಕಲ್ ಎಚ್‌ಯುಎಸ್ ಎಂದರು ವೈದ್ಯರು. 'ಇದು ನಿನ್ನ ತವರಿನ ರಕ್ತ' ಎಂದರು ಅತ್ತೆ, ಸೊಸೆಗೆ.

ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಕಾವಲುಪಡೆಯಿದೆ. ಅದರಲ್ಲಿ ಸಿ3 ರೋಗಾಣು ಬರಲಿ ಎಂದು ಕಾಯುವುದಿಲ್ಲ, ಸದಾ ಒಂದಿಷ್ಟು ಕೆಲಸಕ್ಕಿಳಿದೇ ಇರುತ್ತದೆ. ಅದು ನಮ್ಮದೇ ಜೀವಕೋಶಗಳ ಮೇಲೆ ಬೀಳದಂತೆ ತಡೆಯುವವರಲ್ಲಿ ಮುಖ್ಯವಾದದ್ದು ಫ್ಯಾಕ್ಟರ್ ಎಚ್. ಈ ಕಾಯಿಲೆ ಬಂದ ಭಾರತದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ದೇಹ ಆ ಫ್ಯಾಕ್ಟರ್ ಎಚ್ ವಿರುದ್ಧವೇ ಪ್ರತಿಕಾಯ ಮಾಡಿಕೊಂಡಿರುತ್ತದೆ. ದೆಹಲಿಯ ಏಮ್ಸ್ ವೈದ್ಯರ ತಂಡ 2014ರಲ್ಲಿ ಇದನ್ನು ಪ್ರಕಟಿಸಿತು. ತಡೆಯುವವರಿಲ್ಲದೆ ಕಿಡ್ನಿಯ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಹುಡುಗನದೂ ಇದೇ ಬಗೆ.

ಇಂಥ ಮಕ್ಕಳಲ್ಲಿ ಬಹುಪಾಲಿಗೆ 1ನೇ ಕ್ರೋಮೋಸೋಮಿನ ಸಿಎಫ್‌ಎಚ್‌ಆರ್1 ಜೀನಿನ ಎರಡು ಪ್ರತಿಗಳೂ ಇರುವುದಿಲ್ಲ. ಎರಡೂ ಇಲ್ಲವೆಂದರೆ ಒಂದು ಕೊರತೆ ತಾಯಿಯಿಂದ, ಇನ್ನೊಂದು ತಂದೆಯಿಂದ. ಎರಡೂ ಇಲ್ಲದ ಎಷ್ಟೋ ಜನ ಜೀವಮಾನವಿಡೀ ಆರೋಗ್ಯವಾಗಿರುತ್ತಾರೆ ಕೂಡ.

ನನ್ನ ಹರಕು ಗುಜರಾತಿಯಲ್ಲಿ ಇಷ್ಟನ್ನೂ ಅಜ್ಜಿಗೆ ಹೇಳಿದೆ. "ಬಾ, ಅರ್ಧ ನಿಮ್ಮ ಮಗನದೂ ಇರುತ್ತದೆ." ಅವರು ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಪ್ಲಾಸ್ಮಾ ಬದಲಿಸುವುದು ಇನ್ನೆಷ್ಟು ಸಲ ಎಂದು ಕೇಳಿದರು.