ಅಳಿಸಿದ ರೆಕಾರ್ಡಿಂಗು

ನಮ್ಮ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನ ಇರುವ ಬಂಡೆಗೆ ಬಳೆಗಾರರ ಗುಂಡು ಅಂತಾರೆ. ಜಾತ್ರೆ ಬಂದರೆ ಬಳೆಗಾರರು ಅದರ ಮೇಲೇ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರ ಬಹಳಷ್ಟು ಸವೆದುಹೋಗಿದೆ.

ಹೋದ ವರ್ಷ ಆ ಬೆಟ್ಟದ ಮೇಲೆ ಒಂದು ಭಜನೆ ರೆಕಾರ್ಡ್ ಮಾಡಿದ್ದೆ. ಹಾರ್ಮೋನಿಯಂ, ತಬಲ, ತಾಳ. ಮೂರೇ ಜನ. ಮಕ್ಕಳ ಗಲಾಟೆ, ಟೀ ಲೋಟದ ಸದ್ದು ಎಲ್ಲಾ ಸೇರಿಕೊಂಡಿತ್ತು. ಸುದ್ದಿಗೆ ಬರಲ್ಲ ಅನ್ನಿಸಿತು. ಫೋನಲ್ಲಿ ಜಾಗವೂ ಇರಲಿಲ್ಲ. ಅಳಿಸಿದೆ.

ಮೊನ್ನೆ ಡಿಪ್ಲೊಮಾ ಗೆಳೆಯನೊಬ್ಬ ಹಳೇ ಜಾಝ್ ಸಂಗೀತ ಕಳಿಸಿದ. ಅಲ್ಲೂ ಮೂರೇ ಜನ. ಪಿಯಾನೋ ಬಿಲ್ ಇವಾನ್ಸ್, ಡ್ರಮ್ಸ್ ಪಾಲ್ ಮೋಷನ್, ಬಾಸ್ ಸ್ಕಾಟ್ ಲಫಾರೊ. ಬಾಸ್ ಅಂದರೆ ಆಳೆತ್ತರದ ಪಿಟೀಲು; ನಿಂತು ಬೆರಳಲ್ಲಿ ಮೀಟುತ್ತಾರೆ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್ಬಲ್ಲಿ ನುಡಿಸಿದ್ದು. ಪಿಯಾನೋದವನು ಮುಂದೆ, ಮಿಕ್ಕವರು ಹಿಂದೆ ಅಂತಿಲ್ಲ. ಕಟ್ಟೆ ಮೇಲೆ ಕೂತವರ ಹಾಗೆ ಒಬ್ಬ ಬಿಟ್ಟ ಮಾತನ್ನು ಇನ್ನೊಬ್ಬ ಎತ್ತಿಕೊಳ್ತಾನೆ. ನಡುವೆ ಗ್ಲಾಸಿನ ಸದ್ದು, ಜನರ ಮಾತು. ಅದೆಲ್ಲ ಹಾಗೇ ಇದೆ.

ಜುಲೈ 6ಕ್ಕೆ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. 25 ವರ್ಷ. ಇವಾನ್ಸ್ ತಿಂಗಳುಗಟ್ಟಲೆ ಜನರೆದುರು ನುಡಿಸಲೇ ಇಲ್ಲ.

ನಮ್ಮ ತಬಲದವರೂ ಈ ಮಳೆಗಾಲದಲ್ಲಿ ಹೋಗಿಬಿಟ್ಟರು. ಮಾತಾಡಿಸಲು ಹೋದಾಗ ಹಾರ್ಮೋನಿಯಂ ಅಜ್ಜ ಕೇಳಿದ್ದು ಒಂದೇ: "ಅವತ್ತಿಂದು ನಿನ್ ಫೋನಾಗೆ ಐತಲ್ಲಪ್ಪಾ? ಒಂದ್ಸಲ ಅವನ ಕೈ ಕೇಳಿಸು."

ಫೋನ್ ರಿಪೇರಿಗೆ ಕೊಟ್ಟಿದ್ದೀನಜ್ಜ ಅಂದೆ. ಅದು ಜೇಬಲ್ಲೇ ಇತ್ತು.