ನಮ್ಮ ಗೋಲ್‌ಕೀಪರ್ ಬೆಂಗಳೂರಿಗೆ ಟ್ರಾನ್ಸ್‌ಫರ್ ಆದ

ಟ್ರಾನ್ಸ್‌ಫರ್ ಅಂದರೆ ನಮ್ಮ ಕಡೆ ಪಿಡಿಒ ವರ್ಗ ಆಗೋದು, ಸಾಲಿ ಮಾಸ್ತರು ಕೌನ್ಸೆಲಿಂಗ್ ಅಂತ ರಾಯಚೂರಿಗೆ ಓಡಾಡೋದು. ಆದರೆ ಜನವರಿ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಾಲ್ಕೈದು ಚಾದಂಗಡಿಗಳಲ್ಲಿ ಈ ಮಾತಿಗೆ ಬೇರೆ ಅರ್ಥ ಬರುತ್ತದೆ. ಯಾವ ಕ್ಲಬ್ಬು ಯಾರನ್ನು ಕೊಳ್ಳುತ್ತದೆ, ಯಾರನ್ನು ಸಾಲಕ್ಕೆ ಕಳಿಸುತ್ತದೆ ಎಂಬುದೇ ಮಾತು. ಫುಟ್‌ಬಾಲ್ ನೋಡುವವರು ಈ ಮೂರೂ ಊರು ಸೇರಿ ಎಷ್ಟು ಮಂದಿ ಇದ್ದಾರು? ಕ್ರಿಕೆಟ್ಟಿನವರ ಮುಂದೆ ನಾವು ಉಪ್ಪಿನಕಾಯಿಯಷ್ಟೇ. ಆದರೂ ಇದ್ದೇವೆ. ಒಂದೇ ರೋಡಿನ ಮೇಲಿನ ಮೂರು ಊರು, ಬೈಕು ಹತ್ತಿದರೆ ಸೇರುತ್ತೇವೆ.

ನಮ್ಮ ಚಟಕ್ಕೆ ಬೇರು ಎಲ್ಲಿಯದು ಅಂತ ಹೊರಗಿನವರು ಕೇಳುತ್ತಾರೆ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳನ್ನು ನೋಡಿದವರು ಕೇಳುವುದಿಲ್ಲ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಅವರ ಹಿರಿಯರು ಬರುವಾಗ ಮೀನಿನ ಸಾರಿನ ಜೊತೆ ಒಂದು ಕ್ಲಬ್ಬಿನ ಹೆಸರನ್ನೂ ತಂದರು: ಈಸ್ಟ್ ಬೆಂಗಾಲ್. 1920ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಈ ಕ್ಲಬ್ಬು, ಪೂರ್ವದಿಂದ ಮನೆ ಮಠ ಬಿಟ್ಟು ಬಂದವರಿಗೆ ತಮ್ಮದೇ ಊರಿದ್ದಂಗೆ. ಎದುರಾಳಿ ಮೋಹನ್ ಬಾಗಾನ್ 1889ರದು, ಹಳೇ ಮನೆತನ. ಕ್ಯಾಂಪಿನ ಒಬ್ಬ ದಾದಾ, ಅರವತ್ತು ದಾಟಿದವರು, ನಮಗೆಲ್ಲ ಗುರು. ಕನ್ನಡ ನಮ್ಮಂಗೇ ಮಾತಾಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಬಂಗಾಳಿ. ಸುನಿಲ್ ಛೆಟ್ರಿ ಎರಡೂ ಕಡೆ ಆಡಿದವನು, 2002ರಲ್ಲಿ ಮೋಹನ್ ಬಾಗಾನ್‌ನಿಂದ ಶುರು, ಆಮೇಲೆ ಈಸ್ಟ್ ಬೆಂಗಾಲ್. ದಾದಾ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾವು ಉಳಿದವರು ಬೆಂಗಳೂರು ಎಫ್‌ಸಿ ಕಡೆಯವರು. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ. 2019ರ ಮಾರ್ಚ್ 17ರ ರಾತ್ರಿ ಮುಂಬೈಯಲ್ಲಿ 117ನೇ ನಿಮಿಷಕ್ಕೆ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಗೋವಾ ಸೋತು ಐಎಸ್‌ಎಲ್ ಕಪ್ಪು ನಮ್ಮದಾಯಿತು. ಆ ನಂತರ ಬರೀ ಹೊಸ್ತಿಲ ತನಕ ಬರೋದೇ ಆಗಿದೆ. 2023ರಲ್ಲಿ ಫೈನಲ್ಲು, ಪೆನಾಲ್ಟಿಯಲ್ಲಿ ಸೋಲು. 2025ರ ಏಪ್ರಿಲ್ 12ರಂದು ಮತ್ತೆ ಫೈನಲ್ಲು, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲು. ಎರಡು ಸಲವೂ ಎದುರಿಗಿದ್ದದ್ದು ಅದೇ ಮೋಹನ್ ಬಾಗಾನ್. ಆ ಎರಡು ರಾತ್ರಿ ಮಾತ್ರ ದಾದಾ ಮತ್ತು ನಾವು ಒಂದೇ ಪಾರ್ಟಿ.

2026ರ ಜನವರಿ ಮಾತ್ರ ವಿಚಿತ್ರವಾಗಿತ್ತು. ಇಂಗ್ಲೆಂಡಿನ ಕ್ಲಬ್ಬುಗಳು ಕೋಟಿ ಕೋಟಿ ಪೌಂಡ್ ಎಣಿಸುತ್ತಿದ್ದವು, ನಮ್ಮ ದೇಶದಲ್ಲಿ ಲೀಗೇ ಶುರುವಾಗಿರಲಿಲ್ಲ. ಫುಟ್‌ಬಾಲ್ ಫೆಡರೇಷನ್ನು ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಕರಾರು 2025ರ ಡಿಸೆಂಬರ್‌ಗೆ ಮುಗಿಯಿತು. ಮುಂದೇನು ಅಂತ ಗೊತ್ತಿಲ್ಲದೆ ಜುಲೈಯಲ್ಲೇ ಸೀಸನ್ ನಿಂತಿತ್ತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಪಗಾರವನ್ನೇ ತಡೆಹಿಡಿಯಿತು. ಫೆಬ್ರವರಿ 14ಕ್ಕೆ ಹದಿನಾಲ್ಕೂ ತಂಡ ಇಟ್ಟುಕೊಂಡು ಶುರು ಮಾಡುತ್ತೇವೆ ಎಂದು ಆ ಜನವರಿಯಲ್ಲಿ ಕೇಂದ್ರ ಕ್ರೀಡಾ ಮಂತ್ರಿ ಹೇಳಿದ್ದರು. ಹೊಲಕ್ಕೆ ನೀರು ಬರುತ್ತೋ ಇಲ್ಲೋ ಗೊತ್ತಿಲ್ಲದೆ ಸಸಿ ಮಡಿ ಹಾಕಿದಂಗೆ, ಲೀಗ್ ನಡೆಯುತ್ತೋ ಇಲ್ಲೋ ಗೊತ್ತಿಲ್ಲದೆ ನಾವು ಆಟಗಾರರ ಪಟ್ಟಿ ಹಾಕಿಕೊಂಡು ಕೂತಿದ್ದೆವು.

ನೀರಿನ ಮಾತು ಬಂತು, ಹೇಳಿಬಿಡೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆ ಬಳಿಕ ಎಲ್ಲ 33 ಗೇಟು ಬದಲಿಸುವುದೆಂದಾಯಿತು. ಅದಕ್ಕಾಗಿ 2026ರ ಬೇಸಿಗೆ ಎರಡನೇ ಬೆಳೆಗೆ ನೀರಿರಲಿಲ್ಲ. ಎಡದಂಡೆ ಕಾಲುವೆ ನಂಬಿದ ಸಿಂಧನೂರು, ಮಸ್ಕಿ ಕಡೆ ಭತ್ತ ಕೊಯ್ದ ಹೊಲ ಹಂಗೇ ಬಿದ್ದಿದ್ದವು. ಜನವರಿಯಲ್ಲಿ ನಾಟಿಗೆ ಕೆಸರಾಗಿರಬೇಕಾದ ನೆಲ ಕಲ್ಲಿನಂಗೆ ಗಟ್ಟಿ. ಕೂಳೆ ಕೆತ್ತಿ, ಟ್ರ್ಯಾಕ್ಟರ್ ಹಾಯಿಸಿ, ನಾಲ್ಕು ಬಿದಿರು ನೆಟ್ಟರೆ ಫುಟ್‌ಬಾಲ್ ಮೈದಾನ. ಇಂಥ ಮೈದಾನ ನಮಗೆ ಯಾವ ವರ್ಷವೂ ಸಿಕ್ಕಿರಲಿಲ್ಲ. ಆದರೆ ಆಡುವ ಹುಡುಗರು ಊರಲ್ಲಿರಲಿಲ್ಲ. ನಾಟಿ ಕೆಲಸ ಇಲ್ಲದ ಮೇಲೆ ಊರಲ್ಲಿ ಕೂತು ಏನು ಮಾಡುತ್ತಾರೆ? ಬೆಂಗಳೂರಿನ ಬಸ್ಸು ಹತ್ತಿದರು. ಲಿಂಗಸುಗೂರು ಕಡೆಯವರಿಗೆ ನಾರಾಯಣಪುರ ಬಲದಂಡೆ ಇದೆ ಎನ್ನುತ್ತಾರೆ, ಅದೂ ಎಲ್ಲರ ಹೊಲಕ್ಕಿಲ್ಲ. ಆ ಕಡೆ ದುಡಿಯಲು ಹೋಗುವುದು ಹೊಸದೇನಲ್ಲ.

ನಮ್ಮದು ಏಳು ಮಂದಿಯ ತಂಡ, ಮೂರು ಊರಿನದು. ಡಿಸೆಂಬರಿನಲ್ಲಿ ಎಡಗಡೆ ಓಡುವವ ಹೋದ. ಸಂಕ್ರಾಂತಿಗೆ ಮೊದಲು ಗೋಲ್‌ಕೀಪರೂ ಹೋದ, ಬೆಂಗಳೂರಿಗೆ, ಸೆಂಟ್ರಿಂಗ್ ಕೆಲಸಕ್ಕೆ. ಪಂದ್ಯಾವಳಿ ತಿಂಗಳ ಕೊನೆಗೆ. ನಮ್ಮ ಕೈಯಲ್ಲಿದ್ದದ್ದು ಪಟ್ಟಿ ಎತ್ತಿದ 6,000 ರೂಪಾಯಿ. ಪ್ರವೇಶ ಶುಲ್ಕ ಕಳೆದರೆ 4,500.

ಮಸ್ಕಿಯ ಚಾದಂಗಡಿಯಲ್ಲಿ ವಾದ ಶುರುವಾಯಿತು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಗೆಳೆಯನಿಗೆ ಒಬ್ಬ ಸ್ಟ್ರೈಕರ್ ಬೇಕು. ಹೊಸಪೇಟೆಯವನು, ದಿನಕ್ಕೆ 3,000 ಕೊಟ್ಟರೆ ಬರುತ್ತಾನಂತೆ. "ಗೋಲು ಹೊಡೆಯವ್ರಿಲ್ದ ಆಟ ಏನ್ ಆಡ್ತೀರಿ? ಮುಂದ ಒಬ್ಬ ಗಟ್ಟಿ ಮನುಷ್ಯ ಇದ್ರ ಸಾಕು."

ದಾದಾ ಚಾದ ಕಪ್ಪು ಕೆಳಗಿಟ್ಟರು. "ಕೊನೇ ಭಾಗದ ರೈತ ಎಷ್ಟು ಗಟ್ಟಿ ಇದ್ರೇನಪಾ, ನೀರು ಬರಬೇಕಲ್ಲ?"

ಎಲ್ಲರೂ ನಕ್ಕರು. ಆದರೆ ಈಗಿನ ಆಟವನ್ನು ಇದಕ್ಕಿಂತ ಚೆನ್ನಾಗಿ ಯಾವ ಟಿವಿ ಪಂಡಿತರೂ ನಮಗೆ ಹೇಳಿಲ್ಲ. ಮೇಲಿನವರು ತೂಬು ಎತ್ತಿ ಎಲ್ಲಾ ಎಳಕೊಂಡರೆ ಕೊನೆಗೆ ಬರುವುದು ಬರೀ ಕಾಲುವೆಯ ಕಸ. ಚೆಂಡೂ ಹಂಗೇ. ಮೊದಲು ಗೋಲ್‌ಕೀಪರ್ ಎಂದರೆ ಕೈಯಿಂದ ಹಿಡಿಯುವವ, ಹಿಡಿದು ದೂರ ಒದೆಯುವವ. 1992ರಲ್ಲಿ ನಿಯಮ ಬದಲಾಯಿತು: ತನ್ನ ತಂಡದವನು ಬೇಕಂತಲೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. 2019ರಲ್ಲಿ ಇನ್ನೊಂದು: ಗೋಲ್ ಕಿಕ್ಕನ್ನು ಪೆನಾಲ್ಟಿ ಪೆಟ್ಟಿಗೆಯ ಒಳಗೇ ಇನ್ನೊಬ್ಬನಿಗೆ ಕೊಡಬಹುದು. ಈಗ ಆಟ ಹುಟ್ಟುವುದೇ ಕೀಪರನ ಕಾಲಲ್ಲಿ. ಎದುರಿನವರೂ ಸುಮ್ಮನಿರುವುದಿಲ್ಲ, ಅಲ್ಲೇ ಮುತ್ತಿಗೆ ಹಾಕುತ್ತಾರೆ, ಅದೇ ಪ್ರೆಸ್ಸಿಂಗು. ಪೆಪ್ ಗಾರ್ಡಿಯೋಲಾ 2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಬಂದವನೇ ಜೋ ಹಾರ್ಟ್ ಎಂಬ ಹೆಸರಾಂತ ಕೀಪರನನ್ನು ಬಿಟ್ಟುಕೊಟ್ಟದ್ದು, ಮರುವರ್ಷ ಎಡರ್ಸನ್‌ನನ್ನು ಕರೆತಂದದ್ದು ಇದೇ ಕಾರಣಕ್ಕೆ. 2018ರ ಜನವರಿಯಲ್ಲಿ ಲಿವರ್‌ಪೂಲ್ ಸುಮಾರು 7.5 ಕೋಟಿ ಪೌಂಡ್ ಸುರಿದದ್ದು ಗೋಲು ಹೊಡೆಯುವವನಿಗಲ್ಲ, ವಾನ್ ಡೈಕ್ ಎಂಬ ಡಿಫೆಂಡರನಿಗೆ. ಮರುವರ್ಷ ಯುರೋಪಿನ ಕಪ್ಪು ಗೆದ್ದರು.

ಹಾಗಾಗಿ ದಾದಾನ ಪ್ರಸ್ತಾಪ: ಹೊಸಪೇಟೆಯವನಿಗೆ ಕೊಡುವ ದುಡ್ಡನ್ನು ನಮ್ಮ ಕೀಪರನಿಗೇ ಕೊಡೋಣ. ಹೋಗಿಬರುವ ಬಸ್ಸಿನ ಚಾರ್ಜು, ಎರಡು ದಿನದ ಕೂಲಿ. ಎರಡು ದಿನದ ಸಾಲಕ್ಕೆ ತಂದಂಗೆ. ಕಾಲಲ್ಲಿ ಚೆಂಡು ಆಡಿಸುವ ಕೀಪರ್ ನಮ್ಮ ತಾಲೂಕುಗಳಲ್ಲಿ ಅವನೊಬ್ಬನೇ. ಎಲ್ಲರೂ ಹೂಂ ಅಂದರು, ಮೊಬೈಲ್ ಅಂಗಡಿಯವನೂ ಗೊಣಗುತ್ತಾ ಅಂದ. ಸ್ಪೀಕರ್ ಹಾಕಿ ಫೋನ್ ಹಚ್ಚಿದೆವು.

ಹಿಂದೆ ಕಬ್ಬಿಣ ಕೊಯ್ಯುವ ಸದ್ದು. ನಮ್ಮ ಲೆಕ್ಕ ಪೂರ್ತಿ ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೊಕ್ಕದ ಮಾತಲ್ರಿ ಅಣ್ಣಾರ" ಅಂದ. "ಎರಡು ದಿನ ಬಿಟ್ರ ಮೇಸ್ತ್ರಿ ಬ್ಯಾರೆಯವ್ರನ್ನ ತಗೊಂತಾನ. ಇಲ್ಲಿ ನನ್ನಂಥವ್ರು ರಗಡ ಮಂದಿ ಅದಾರ. ಅವ್ವಗ ಮುಂಗಡ ಬ್ಯಾರೆ ಕಳಿಸೀನಿ."

ಯಾರೂ ಒತ್ತಾಯ ಮಾಡಲಿಲ್ಲ. ಏನೆಂದು ಮಾಡುವುದು? ಮುಂಗಡ ತಗೊಂಡ ಮೇಲೆ ಕರಾರು ಕರಾರೇ. ಪಗಾರ ನಿಂತ ಕ್ಲಬ್ಬಿನ ಆಟಗಾರನ ಪರ ಮಾತಾಡಲು ಆಟಗಾರರ ಸಂಘ ಇದೆ, ಏಜೆಂಟ್ ಇದ್ದಾನೆ. ಸೆಂಟ್ರಿಂಗ್ ಹುಡುಗನ ಪರ ಮಾತಾಡಲು ಚಾದಂಗಡಿಯಲ್ಲಿ ಕೂತ ನಾವು ಆರು ಮಂದಿ. ಈ ಗುಳೆಯ ಸುದ್ದಿಯನ್ನು ನಾವು ಪ್ರತಿ ವರ್ಷ ಬರೆದು ಕಳಿಸುತ್ತೇವೆ, ಬಸ್ ನಿಲ್ದಾಣದಲ್ಲಿ ಗಂಟು ಮೂಟೆ ಹೊತ್ತವರ ಫೋಟೋ ಸಮೇತ. ಒಳಪುಟದಲ್ಲಿ ಎರಡು ಕಾಲಂ ಬಂದರೆ ಅದೇ ದೊಡ್ಡದು. ಅದರಲ್ಲಿ ಗೋಲ್‌ಕೀಪರ್ ಅಂತ ಬರೆಯಲು ಜಾಗ ಇರುವುದಿಲ್ಲ, "ಕೂಲಿಕಾರರು" ಅಂತಷ್ಟೇ.

ಕೊನೆಗೆ ಹೊಸಪೇಟೆಯವನನ್ನೂ ಕರೆಸಲಿಲ್ಲ. ಕ್ಯಾಂಪಿನ ಒಂಬತ್ತನೇ ತರಗತಿ ಹುಡುಗನೊಬ್ಬನನ್ನು ದಾದಾ ಕೀಪರ್ ಜಾಗಕ್ಕೆ ತಯಾರು ಮಾಡುತ್ತಿದ್ದಾರೆ. ಕೈ ಇನ್ನೂ ಸಣ್ಣವು, ಕಾಲು ಪರವಾಗಿಲ್ಲ. ದುಡ್ಡಿನಲ್ಲಿ ಅವನಿಗೆ ಗ್ಲೌಸು, ತಂಡಕ್ಕೆ ಎರಡು ಚೆಂಡು ಬಂತು. ಮುತ್ತಿಗೆ ಹಾಕುವ ಆಟ ಬಿಟ್ಟು, ಹಿಂದೆ ಮೂವರು ನಿಂತು ಕಾಯುವ ಆಟ ಎಂದು ತೀರ್ಮಾನ. ನೋಡಲು ಚೆಂದ ಇರುವುದಿಲ್ಲ.

ಫೋನ್ ಇಡುವ ಮೊದಲು ಕೀಪರ್ ಒಂದು ಮಾತು ಕೇಳಿದ್ದ. ಬೆಂಗಳೂರಲ್ಲೇ ಇದ್ದರೂ ಅವನು ಕಂಠೀರವ ಸ್ಟೇಡಿಯಂ ಒಳಗೆ ಕಾಲಿಟ್ಟಿಲ್ಲ. "ಫೆಬ್ರವರಿದಾಗ ಆದಿತ್ವಾರ ಮ್ಯಾಚ್ ಇರ್ತಾವೇನ್ರಿ ಅಣ್ಣಾರ? ಆದಿತ್ವಾರ ಆದ್ರ ನನಗ ಸೂಟಿ ಐತಿ."

ಪಟ್ಟಿ ಬಂದ ಕೂಡಲೇ ಕಳಿಸುತ್ತೇವೆ ಅಂದಿದ್ದೇವೆ.